ಅಪ್ಪನ ಡೈಯಿಂಗು, ನನ್ನ ಇಂಗ್ಲಿಷು

ಸೋಂಪುರದ ನಮ್ಮ ಕಾರ್ಖಾನೆಯ ಗೋಡೆಗೆ ಹೋದ ತಿಂಗಳು ಒಂದು ಹೊಸ ಬೋರ್ಡು ಬಂತು. ಹಳದಿ ತಗಡಿನ ಮೇಲೆ ದಪ್ಪ ಕಪ್ಪು ಅಕ್ಷರ. ಕೈಗವಸು ಹಾಕಿಕೊಳ್ಳಿ, ಇಲ್ಲದಿದ್ದರೆ ಬೆರಳು ಕಳೆದುಕೊಳ್ಳುತ್ತೀರಿ ಎಂದು ಅದು ಇಂಗ್ಲಿಷಿನಲ್ಲಿ ಹೆದರಿಸಬೇಕಿತ್ತು. ಬರೆಸಿದವರು ನಮ್ಮ ಶಿಫ್ಟ್ ಸೂಪರ್‌ವೈಸರ್ ರಂಗಸ್ವಾಮಿ. ಕಳೆದುಕೊಳ್ಳುವುದಕ್ಕೆ ಒಂದೇ ‘ಓ’ ಸಾಕು. ಅವರು ಧಾರಾಳಿ, ಎರಡು ಹಾಕಿಸಿದ್ದರು. ಹೀಗಾಗಿ ಬೋರ್ಡು, ಬೆರಳು ಲೂಸ್ ಮಾಡಿಕೊಳ್ಳಬೇಡಿ ಎಂದು ಬುದ್ಧಿ ಹೇಳುತ್ತಿತ್ತು. ಪ್ಯಾಕಿಂಗ್ ವಿಭಾಗದ ಮಂಜುಳ ಅದರ ಮುಂದೆ ನಿಂತು ಒಂದೊಂದೇ ಬೆರಳು ಅಲ್ಲಾಡಿಸಿ ನೋಡಿಕೊಂಡು, “ಮೇಡಂ, ನಂದೆಲ್ಲ ಟೈಟಾಗೇ ಇದೆ” ಎಂದಳು.

ರಂಗಸ್ವಾಮಿ ನನ್ನ ಮೇಜಿನ ಹತ್ತಿರ ಬಂದರು. ರಜೆ, ಹಾಜರಿ ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ಕಾರ್ಖಾನೆಯಲ್ಲಿ ನನಗೆ ‘ಸ್ಪೆಲಿಂಗ್ ಅಕ್ಕ’ ಎಂದು ಹೆಸರು. ಹೊರಗೆ ಹೋಗುವ ಕಾಗದ, ಈಮೇಲು ಎಲ್ಲ ಒಂದು ಸಲ ನನ್ನ ಕಣ್ಣ ಮುಂದೆ ಹಾದುಹೋಗಬೇಕು. ನಾನು ನನ್ನ ಕೈ ಮುಂದೆ ಚಾಚಿ ಬಳೆ ಅಲ್ಲಾಡಿಸಿದೆ. ಎರಡು ಬಳೆ ಇದ್ದರೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ, ಸಡಿಲವಾಗಿ ಓಡಾಡುತ್ತವೆ, ಅದು ಎರಡು ‘ಓ’ದ ಲೂಸ್, ಒಂದು ಬಳೆ ಎಲ್ಲೋ ಬಿದ್ದುಹೋಗಿ ಒಂದೇ ಉಳಿದರೆ ಅದು ಕಳೆದುಕೊಳ್ಳುವುದು ಎಂದೆ. ಅವರು ನನ್ನ ಬಳೆಯನ್ನೂ ಬೋರ್ಡನ್ನೂ ಎರಡೆರಡು ಸಲ ನೋಡಿ, ಪೇಂಟರನ್ನು ಕರೆಯಲು ಹೊರಟರು.

ಇದರಿಂದ ನಾನು ದೊಡ್ಡ ಪಂಡಿತೆ ಎಂದು ನೀವು ತಿಳಿದುಕೊಳ್ಳಬಾರದು. ಒಮ್ಮೆ ನಮ್ಮ ಮ್ಯಾನೇಜರಿಗೆ ‘ನೀವು ಹೇಳಿದ್ದು ತೀರಾ ಸರಿ’ ಎಂದು ಬರೆಯಲು ಹೋಗಿ ‘ನೀವು ಹೇಳಿದ್ದು ಸದ್ದಿಲ್ಲದೆ ಸರಿ’ ಎಂದು ಬರೆದಿದ್ದೆ. ಅವರು ಅಂದು ಇಡೀ ದಿನ ಮೆಲ್ಲಗೆ ಮಾತಾಡಿದರು. ಆ ಕ್ವೈಟ್ ಮತ್ತು ಕ್ವಾಯಟ್ ಜೋಡಿಗೆ ನನಗೆ ಇನ್ನೂ ಉಪಾಯ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿಕಳಿಸಿ.

ನಮ್ಮ ಕನ್ನಡದಲ್ಲಿ ಇಂಥ ತಾಪತ್ರಯ ಇಲ್ಲ ಎಂದು ಹೆಮ್ಮೆಪಡುವವರನ್ನು ನಾನು ಸಾಸಲಿನ ನಮ್ಮಜ್ಜಿಯ ಹತ್ತಿರ ಕಳಿಸುತ್ತಿದ್ದೆ, ಅವಳು ಇದ್ದಿದ್ದರೆ. ಅವಳ ಬಾಯಲ್ಲಿ ‘ಹ’ ಎಂಬ ಅಕ್ಷರವೇ ಇರಲಿಲ್ಲ. ಹಸು ಕೊಡುತ್ತಿದ್ದದ್ದು ಆಲು, ಊರಿನ ಆಲದ ಮರವೂ ಆಲ. ಆರು ಹಾರಿಹೋದವು ಎಂದು ಹೇಳಲು ‘ಆರು ಆರೋದ್ವು’ ಎನ್ನುತ್ತಿದ್ದಳು. ಗುಬ್ಬಚ್ಚಿ ಹಾರಿತೋ ಒಲೆ ಆರಿತೋ ಎಂದು ನಾವೇ ತಿಳಿದುಕೊಳ್ಳಬೇಕಿತ್ತು. ತಿಳಿಯುತ್ತಲೂ ಇತ್ತು. ಮನೆಯವರ ತಪ್ಪು ಮನೆಯವರಿಗೆ ಅರ್ಥವಾಗುತ್ತದೆ. ಕಷ್ಟವೆಲ್ಲ ಅದು ಕಾಗದದ ಮೇಲೆ ಕೂತು ಬೇರೆ ಮನೆಗೆ ಹೋದಾಗ.

ನನ್ನ ಮೊದಲ ಕಾಗದ ಹೀಗೆ ಬೇರೆ ಮನೆಗೆ ಹೋಗಿ ಮಾಡಿದ ಅನಾಹುತವನ್ನು ಹೇಳುವ ಮೊದಲು ಸುಮಿತ್ರಾ ಮಿಸ್ ಬಗ್ಗೆ ಹೇಳಬೇಕು. ದೊಡ್ಡಬಳ್ಳಾಪುರದಲ್ಲಿ ನಾನು ಓದಿದ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಅವರು ಇಂಗ್ಲಿಷ್ ಕಲಿಸಲು ಬಂದಾಗ ಅವರಿಗೂ ಅದು ಮೊದಲ ಕೆಲಸ. ನಮಗಿಂತ ಹತ್ತು ವರ್ಷ ದೊಡ್ಡವರಿದ್ದಿರಬಹುದು. ಬೇಸಿಗೆ ರಜೆಗೆ ಮುಂಚೆ, ದಿನವೂ ಡೈರಿ ಬರೆಯಿರಿ, ರಜೆ ಮುಗಿದ ಮೇಲೆ ತಂದು ತೋರಿಸಿ ಎಂದರು. ಕನ್ನಡದಲ್ಲಿ ಡೈರಿ ಎಂದರೆ ಒಂದೇ ಡೈರಿ. ನನಗೆ ಗೊತ್ತಿದ್ದದ್ದು ಹಾಲು ಹಾಕುವ ಡೈರಿ. ಸಾಸಲಿಗೆ ಹೋದವಳು ದಿನಾ ಬೆಳಗ್ಗೆ ಅಜ್ಜಿಯ ಜೊತೆ ಕ್ಯಾನು ಹಿಡಿದುಕೊಂಡು ಹಾಲಿನ ಡೈರಿಗೆ ಹೋಗಿ ನಿಂತು, ಕಂಡದ್ದನ್ನೆಲ್ಲ ಬರೆದೆ. ಯಾರ ಹಸು ಒದೆಯಿತು, ಯಾರ ಹಾಲಿಗೆ ಫ್ಯಾಟ್ ಕಡಿಮೆ ಬಂತು, ಯಾರು ಯಾರ ಮೇಲೆ ಹಾಲಿಗೆ ನೀರು ಹಾಕಿದ ಆಪಾದನೆ ಹೊರಿಸಿದರು, ಎಲ್ಲವನ್ನೂ ನನ್ನ ಮುರುಕು ಇಂಗ್ಲಿಷಿನಲ್ಲಿ. ಮಿಸ್ ಅದನ್ನು ಓದುತ್ತ ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ, ಉಳಿದವರೆಲ್ಲ ‘ಎದ್ದೆ, ಹಲ್ಲುಜ್ಜಿದೆ, ಊಟ ಮಾಡಿದೆ, ಮಲಗಿದೆ’ ಎಂದು ಬರೆದಿದ್ದಾರೆ, ಓದಬಹುದಾದ ಡೈರಿ ಇದೊಂದೇ ಎಂದರು. ಹಾಲಿನ ಡೈರಿಯ ಒಳಗೆ ‘ಏರ್’ ಅಂದರೆ ಗಾಳಿ ಇದೆ, ಹಾಲು ಕರೆದಾಗ ನೊರೆಯಲ್ಲಿ ಇರುವ ಹಾಗೆ, ಮೊದಲು ‘ಎ’ ಆಮೇಲೆ ‘ಐ’ ಎಂದು ಹೇಳಿಕೊಟ್ಟರು. ಇವತ್ತಿನವರೆಗೆ ಅದೊಂದರಲ್ಲಿ ನಾನು ತಪ್ಪಿಲ್ಲ.

ಮಿಸ್ ಇನ್ನೊಂದು ನಿಯಮ ಮಾಡಿದರು. ರಜಾ ಚೀಟಿ ಇಂಗ್ಲಿಷಿನಲ್ಲೇ ಬರೆಯಬೇಕು. ಒಂದು ಮಾದರಿಯನ್ನು ಬೋರ್ಡಿನ ಮೇಲೆ ಬರೆದುಕೊಟ್ಟರು. ಆ ಮಾದರಿಯಲ್ಲಿ ಜ್ವರದಿಂದ ನರಳುತ್ತಿದ್ದೇನೆ ಎಂದಿತ್ತು. ಅವತ್ತಿನಿಂದ ನಮ್ಮ ತರಗತಿಯಲ್ಲಿ ಯಾರೂ ಮದುವೆಗೆ ಹೋಗಲಿಲ್ಲ, ಕಳೆ ಕೀಳಲು ಹೋಗಲಿಲ್ಲ, ಮಾವನ ಊರಿಗೆ ಹೋಗಲಿಲ್ಲ. ಎಲ್ಲರಿಗೂ ಜ್ವರವೇ. ಒಂದು ಸೋಮವಾರ ಹನ್ನೆರಡು ಜನಕ್ಕೆ ಒಟ್ಟಿಗೆ ಜ್ವರ ಬಂದು, ಮಂಗಳವಾರ ಹನ್ನೆರಡೂ ಜನ ಕೈಗೆ ಮದರಂಗಿ ಹಾಕಿಕೊಂಡು ಬಂದರು.

ನನಗೆ ಮಾತ್ರ ನಿಜವನ್ನೇ ಬರೆಯಬೇಕೆಂಬ ಹುಚ್ಚು.

ನಮ್ಮಪ್ಪ ಸಾಸಲಿನ ರೈತರ ಮಗ. ಇದ್ದ ಹೊಲ ಮೂವರು ಅಣ್ಣತಮ್ಮಂದಿರಿಗೆ ಸಾಲದಾದಾಗ ದೊಡ್ಡಬಳ್ಳಾಪುರಕ್ಕೆ ಬಂದು, ಮಗ್ಗದವರಿಗೆ ನೂಲಿಗೆ ಬಣ್ಣ ಹಾಕಿಕೊಡುವ ಕೆಲಸ ಕಲಿತವರು. ಮನೆಯ ಹಿತ್ತಲಿನಲ್ಲೇ ಒಲೆ, ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ, ಅದರಲ್ಲಿ ಕುದಿಯುವ ಬಣ್ಣದ ನೀರು. ನೂಲಿನ ಲಡಿಗಳನ್ನು, ಅಂದರೆ ಜಡೆಯಷ್ಟು ದಪ್ಪದ ನೂಲಿನ ಕಟ್ಟುಗಳನ್ನು, ಕೋಲಿಗೆ ನೇತುಹಾಕಿ ಆ ನೀರಿಗೆ ಇಳಿಸಿ ಎತ್ತಿ ತಿರುಗಿಸಬೇಕು. ಬಣ್ಣ ಎಲ್ಲ ಕಡೆ ಒಂದೇ ಸಮ ಹಿಡಿದ ಮೇಲೆ ತೊಳೆದು, ಹಿಂಡಿ, ಬಿದಿರಿನ ಗಳದ ಮೇಲೆ ಒಣಹಾಕಬೇಕು. ಅಪ್ಪನಿಗೆ ಕನ್ನಡ ತಡವರಿಸಿಕೊಂಡು ಓದಲು ಬರುತ್ತಿತ್ತು, ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಮದುವೆಯ ಕಾಲ ಶುರುವಾಗುವ ಮುಂಚೆ ಅಪ್ಪನಿಗೆ ಕೆಂಪು ನೂಲಿನ ದೊಡ್ಡ ಕೆಲಸ ಬಂತು. ಜೊತೆಗೆ ದುಡಿಯುತ್ತಿದ್ದ ಆಳು ಊರಿಗೆ ಹೋಗಿದ್ದ. ಅಮ್ಮನೂ ನಾನೂ ಕೈಹಚ್ಚಬೇಕಾಯಿತು. ಅದೇನೂ ಹೊಸದಲ್ಲ. ಆ ವರ್ಷ ನಾನು ಅದಾಗಲೇ ಎಷ್ಟೋ ದಿನ ಶಾಲೆ ತಪ್ಪಿಸಿದ್ದೆ. ಈ ವರ್ಷಕ್ಕೆ ಸಾಕು, ಇನ್ನು ಮನೆ ಕೆಲಸ ಕಲಿಯಲಿ ಎಂದು ಅಪ್ಪ ಅಮ್ಮನ ಹತ್ತಿರ ಹೇಳುತ್ತಿದ್ದದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ನಾನು ಅಳಲಿಲ್ಲ. ಯಾರೂ ಬೈದು ಹೇಳಿರಲಿಲ್ಲವಲ್ಲ, ಅಳುವುದು ಹೇಗೆಂದು ತಿಳಿಯಲಿಲ್ಲ.

ಸೋಮವಾರ ಮಧ್ಯಾಹ್ನ, ಬುಧವಾರದ ತನಕ ಶಾಲೆಗೆ ಹೋಗಲು ಆಗುವುದಿಲ್ಲ ಎಂದು ಖಾತ್ರಿಯಾದಾಗ, ಕೂತು ರಜಾ ಚೀಟಿ ಬರೆದೆ. ಬಹುಶಃ ಇದೇ ನನ್ನ ಕೊನೆಯ ರಜಾ ಚೀಟಿ ಎಂದುಕೊಂಡು ಉದ್ದವಾಗಿ, ಚೆನ್ನಾಗಿ ಬರೆದೆ. ಜ್ವರ ಎಂದು ಸುಳ್ಳು ಹೇಳಲಿಲ್ಲ. ಬಣ್ಣ ಹಾಕುವುದಕ್ಕೆ ಡೈಯಿಂಗ್ ಎನ್ನುತ್ತಾರೆಂದು ನಮ್ಮ ಬೀದಿಯ ಬೋರ್ಡುಗಳಿಂದ ಗೊತ್ತಿತ್ತು. ಆದರೆ ಬೋರ್ಡುಗಳಲ್ಲಿ ಅದು ಕನ್ನಡದ ಅಕ್ಷರದಲ್ಲಿತ್ತು. ಇಂಗ್ಲಿಷಿನ ಸ್ಪೆಲಿಂಗನ್ನು ಪಾಠದ ಪುಸ್ತಕದಲ್ಲಿ ಎಲ್ಲೋ ಕಂಡ ನೆನಪಿನಿಂದ ಹಾಕಿದೆ. ಆ ಪಾಠದಲ್ಲಿ ಒಬ್ಬ ರಾಜ ಸಾಯುತ್ತಿದ್ದ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಗೆಳತಿ ಶೋಭಾಳ ಕೈಲಿ ಕೊಟ್ಟು ಕಳಿಸಿದೆ.

ಚೀಟಿಯನ್ನು ಕನ್ನಡಕ್ಕೆ ತಂದರೆ ಹೀಗಿತ್ತು: ‘ಮಾನ್ಯ ಮೇಡಂ ಅವರಿಗೆ. ನನ್ನ ತಂದೆ ಬೆಳಗಿನಿಂದ ಸಾಯುತ್ತಿದ್ದಾರೆ. ನನ್ನ ತಾಯಿ ಅವರಿಗೆ ಸಹಾಯ ಮಾಡುತ್ತಿದ್ದಾರೆ. ಒಬ್ಬರಿಂದ ಆಗುವುದಿಲ್ಲವಾದ್ದರಿಂದ ನಾನೂ ಸಹಾಯ ಮಾಡಬೇಕಾಗಿದೆ. ಬಿಸಿಲು ಚೆನ್ನಾಗಿ ಬಂದರೆ ಬುಧವಾರದ ಹೊತ್ತಿಗೆ ಮುಗಿಯುತ್ತದೆ. ದಯವಿಟ್ಟು ಮೂರು ದಿನ ರಜೆ ಕೊಡಬೇಕು.’

ಮಂಗಳವಾರ ಮಧ್ಯಾಹ್ನ ಅದನ್ನು ಓದಿದ ಮಿಸ್ ಸ್ಟಾಫ್ ರೂಮಿನಲ್ಲಿ ಕುರ್ಚಿ ಹಿಡಿದುಕೊಂಡು ಕೂತರಂತೆ. ಹೆಡ್‌ಮಾಸ್ಟರು ಹಳೆಯ ಕಾಲದವರು, ಇಂಗ್ಲಿಷಿನ ಮೇಲೆ ಅವರಿಗೂ ಅಂಥ ಹಿಡಿತವಿರಲಿಲ್ಲ. ಇಬ್ಬರೂ ಬಿಸಿಲಿನ ವಾಕ್ಯವನ್ನು ಎರಡು ಮೂರು ಸಲ ಓದಿ, ಪಾಪ, ದುಃಖದಲ್ಲಿ ಮಗು ಏನೇನೋ ಬರೆದಿದೆ ಎಂದುಕೊಂಡರು. ಮಧ್ಯಾಹ್ನದ ಊಟ ಬಿಟ್ಟು ಇಬ್ಬರೂ ಹೊರಟರು. ಜೊತೆಗೆ ಪಿ.ಟಿ. ಮೇಷ್ಟ್ರು, ಅಗತ್ಯ ಬಿದ್ದರೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಲು. ದಾರಿಯಲ್ಲಿ ಒಂದು ಪೌಂಡ್ ಬ್ರೆಡ್ಡು, ಒಂದು ಡಜನ್ ಬಾಳೆಹಣ್ಣು, ನಾಲ್ಕು ಎಳನೀರು ತೆಗೆದುಕೊಂಡರು.

ನಮ್ಮ ಗಲ್ಲಿಗೆ ತಿರುಗಿದ ಕೂಡಲೇ ಅವರಿಗೆ ಮೊದಲು ಕಂಡದ್ದು ಚರಂಡಿ. ಅದರಲ್ಲಿ ಕಡುಕೆಂಪು ನೀರು ಹರಿದುಬರುತ್ತಿತ್ತು. ಮಿಸ್ ಅಲ್ಲೇ ನಿಂತುಬಿಟ್ಟರು. ಪಿ.ಟಿ. ಮೇಷ್ಟ್ರು ಓಡಿಬಂದು ಬಾಗಿಲು ಬಡಿದರು. ಬಾಗಿಲು ತೆಗೆದವಳು ಅಮ್ಮ. ಬೆಳಗಿನಿಂದ ಒಲೆಯ ಹೊಗೆ ಕುಡಿದು ಅವಳ ಕಣ್ಣು ಊದಿಕೊಂಡು ನೀರು ಸುರಿಯುತ್ತಿತ್ತು. ಹೆಡ್‌ಮಾಸ್ಟರು ತಲೆ ತಗ್ಗಿಸಿ, ಧೈರ್ಯ ತಂದುಕೊಳ್ಳಮ್ಮ ಎಂದರು. ಏನೋ ಆಗಿದೆ ಎಂದು ಅಮ್ಮನೂ ಗಾಬರಿಯಾಗಿ ನಿಜವಾಗಿಯೇ ಅಳಲು ಶುರುಮಾಡಿದಳು. ಅಷ್ಟರಲ್ಲಿ ಸದ್ದು ಕೇಳಿ ಹಿತ್ತಲಿನಿಂದ ಅಪ್ಪ ಬಂದರು. ಎರಡೂ ಕೈ ಮೊಣಕೈವರೆಗೆ ಕೆಂಪು, ಬನಿಯನ್ನು ಕೆಂಪು, ಬೆವರು ಒರೆಸಿಕೊಂಡ ಹಣೆಯೂ ಕೆಂಪು. ಮಿಸ್ ಜಗಲಿಯ ಮೇಲೆ ಕುಸಿದು ಕೂತರು.

ಹೆಡ್‌ಮಾಸ್ಟರನ್ನು ಮನೆಯ ಬಾಗಿಲಲ್ಲಿ ನೋಡಿದ ಅಪ್ಪನಿಗೆ ನಾನು ಶಾಲೆಯಲ್ಲಿ ಏನೋ ದೊಡ್ಡ ತಪ್ಪು ಮಾಡಿದ್ದೇನೆ ಎನಿಸಿರಬೇಕು. ಆ ಕೆಂಪು ಕೈಗಳನ್ನು ಮುಗಿದು ನಿಂತರು. ಹೆಡ್‌ಮಾಸ್ಟರು ಮೆಲ್ಲಗೆ, ಈಗ ಹೇಗಿದ್ದೀರಿ ಎಂದು ಕೇಳಿದರು. ಚೆನ್ನಾಗಿದ್ದೀನಿ ಸ್ವಾಮಿ, ತಾವು ಚೆನ್ನಾಗಿದ್ದೀರಾ ಎಂದು ಅಪ್ಪ ವಾಪಸು ವಿಚಾರಿಸಿದರು. ನಾನು ಒಣಹಾಕಿದ ನೂಲಿನ ಹಿಂದಿನಿಂದ ಇಣುಕಿ ನೋಡುತ್ತಿದ್ದೆ. ಹೆಡ್‌ಮಾಸ್ಟರು ಜೇಬಿನಿಂದ ಚೀಟಿ ತೆಗೆದು, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಬಿಡಿಸಿ ಅಪ್ಪನಿಗೆ ಓದಿ ಹೇಳಿದರು.

ಓದಿ ಮುಗಿಯಿತು. ಅಪ್ಪ ನನ್ನ ಕಡೆ ನೋಡಿದರು.

“ಅಲ್ಲ ಕಣಮ್ಮ,” ಎಂದರು ಅಪ್ಪ, “ಮೋಡ ಮುಚ್ಕೊಂಡ್ರೆ ಗುರುವಾರದ ತನಕ ಇರ್ತೀನೇನು ನಾನು?”

ಮೊದಲು ನಕ್ಕವಳು ಅಮ್ಮ. ಅಮ್ಮ ನಕ್ಕದ್ದನ್ನು ಕಂಡು ಅಪ್ಪ, ಅಪ್ಪನನ್ನು ಕಂಡು ಪಿ.ಟಿ. ಮೇಷ್ಟ್ರು, ಕೊನೆಗೆ ಅಳುತ್ತಿದ್ದ ಮಿಸ್ ಕೂಡ. ಹೆಡ್‌ಮಾಸ್ಟರು ಮಾತ್ರ ತುಂಬ ಹೊತ್ತು ತಡೆದುಕೊಂಡು, ಆಮೇಲೆ ಕೆಮ್ಮಿದ ಹಾಗೆ ಮಾಡಿ ನಕ್ಕರು. ಅಮ್ಮ ಉಪ್ಪಿಟ್ಟು ಮಾಡಿದಳು. ರೋಗಿಗೆಂದು ತಂದ ಬ್ರೆಡ್ಡು, ಬಾಳೆಹಣ್ಣನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಎಳನೀರನ್ನು ಮಾತ್ರ ಪೂರಾ ಅಪ್ಪನೇ ಕುಡಿಯಬೇಕೆಂದು ಪಿ.ಟಿ. ಮೇಷ್ಟ್ರು ಹಟ ಹಿಡಿದರು.

ಮಿಸ್ ಒಂದು ಕಡ್ಡಿ ತೆಗೆದುಕೊಂಡು ಹಿತ್ತಲಿನ ಒದ್ದೆ ಮಣ್ಣಿನ ಮೇಲೆ ಎರಡೂ ಮಾತನ್ನು ಬರೆದು ತೋರಿಸಿದರು. ಸಾಯುವ ಡೈಯಲ್ಲಿ ನಡುವೆ ‘ಐ’, ಬಣ್ಣದ ಡೈಯಲ್ಲಿ ನಡುವೆ ‘ವೈ’. ಬಣ್ಣದ್ದಕ್ಕೆ ಯಿಂಗ್ ಸೇರಿಸುವಾಗ ಕೊನೆಯ ‘ಇ’ಯನ್ನು ಬಿಡಬಾರದು ಎಂದೂ ಹೇಳಿದರು. ನಾನು ತಲೆ ಆಡಿಸಿದೆ, ತಲೆಗೆ ಹೋಗಲಿಲ್ಲ. ಅಪ್ಪ ಕುಕ್ಕರುಗಾಲಲ್ಲಿ ಕೂತು ಆ ಅಕ್ಷರಗಳನ್ನೇ ನೋಡುತ್ತಿದ್ದರು. ಆಮೇಲೆ ಕೆಂಪು ಬೆರಳಿನಿಂದ ‘ವೈ’ ತೋರಿಸಿ, “ಇದು ನಮ್ಮ ಲಡಿ ಇದ್ದಂಗೈತಲ್ಲ. ನೋಡು, ಇದ್ರ ಬಾಲ ಮಾತ್ರ ಕೆಳಕ್ಕೆ ಇಳಿದೈತೆ, ಕೊಪ್ಪರಿಗೆ ಒಳಕ್ಕೆ” ಎಂದರು.

ಮಿಸ್ ಕಡ್ಡಿಯಿಂದ ಆ ಬಾಲವನ್ನು ಇನ್ನಷ್ಟು ಕೆಳಕ್ಕೆ ಎಳೆದರು. ಇದನ್ನು ನನಗೆ ಯಾವ ಟ್ರೈನಿಂಗಿನಲ್ಲೂ ಯಾರೂ ಹೇಳಿಕೊಟ್ಟಿಲ್ಲ ಎಂದು ಆಮೇಲೆ ಎಷ್ಟೋ ಸಲ ಅವರು ನೆನೆಸಿಕೊಂಡಿದ್ದಾರೆ.

ಹೊರಡುವ ಮುಂಚೆ ಹೆಡ್‌ಮಾಸ್ಟರು ನನ್ನ ಹಾಜರಿಯ ಮಾತು ತೆಗೆದರು. ಅಪ್ಪ ಮುಚ್ಚಿಡಲಿಲ್ಲ. ಕೆಲಸಕ್ಕೆ ಕೈ ಸಾಲದು, ಈ ವರ್ಷಕ್ಕೆ ಬಿಡಿಸೋಣ ಎಂದುಕೊಂಡಿದ್ದೇನೆ ಎಂದರು. ಉಪನ್ಯಾಸ ಬರುತ್ತದೆ ಎಂದು ನಾವೆಲ್ಲ ಕಾದೆವು, ಬರಲಿಲ್ಲ. ಮಿಸ್ ಮಾತ್ರ ಆ ಚೀಟಿಯನ್ನು ಅಪ್ಪನ ಮುಂದೆ ಹಿಡಿದರು. ಇಡೀ ತರಗತಿಯಲ್ಲಿ ಉಳಿದವರೆಲ್ಲ ಬೋರ್ಡಿನ ಮೇಲಿದ್ದ ಜ್ವರವನ್ನು ನಕಲು ಮಾಡುತ್ತಾರೆ, ಸ್ವಂತ ಮಾತಿನಲ್ಲಿ ಇಂಗ್ಲಿಷ್ ಕಾಗದ ಬರೆದವಳು ಇವಳೊಬ್ಬಳೇ, ನಿಜವನ್ನು ಬರೆದವಳೂ ಇವಳೊಬ್ಬಳೇ ಎಂದರು. ತಪ್ಪಾಗಿರುವುದು ಒಂದೇ ಅಕ್ಷರದ ಜಾಗದಲ್ಲಿ.

ಅಪ್ಪ ಚೀಟಿಯ ಮೇಲೆ ಬಗ್ಗಿ ನೋಡಿದರು. “ಒಂದಕ್ಷರ ಆಚೀಚೆ ಆದ್ರೆ ಮನುಷ್ಯ ಸತ್ತೇ ಹೋಗ್ತಾನಾ ಮೇಡಂ?” ಎಂದು ಕೇಳಿದರು.

“ಕಾಗದದಲ್ಲಿ ಹೋಗ್ತಾನೆ,” ಎಂದರು ಮಿಸ್.

“ಹಂಗಾದ್ರೆ ಅದನ್ನ ಸರಿಯಾಗಿ ಕಲ್ತೋರು ಒಬ್ರು ಮನೇಲಿರ್ಲಿ,” ಎಂದು ಅಪ್ಪ ಎದ್ದು, ನನಗೆ ಕೈ ತೊಳೆದುಕೊಂಡು ಮಿಸ್ ಜೊತೆಯಲ್ಲೇ ಶಾಲೆಗೆ ಹೊರಡಲು ಹೇಳಿದರು. ಇನ್ನೂ ಎರಡು ಪೀರಿಯಡ್ ಉಳಿದಿತ್ತು. ಆ ನೂಲಿನ ಕೆಲಸ ಬುಧವಾರವೂ ಮುಗಿಯಲಿಲ್ಲ, ಗುರುವಾರವೂ ಮುಗಿಯಲಿಲ್ಲ. ಮಗ್ಗದವರು ಬಂದು ಕೂಗಾಡಿ ಹೋದರು. ಅಪ್ಪ ಅಮ್ಮ ಇಬ್ಬರೇ ಸೇರಿ ಶನಿವಾರ ಮುಗಿಸಿಕೊಟ್ಟರು. ನನ್ನನ್ನು ಮತ್ತೆ ಯಾವತ್ತೂ ಶಾಲೆಯ ಹೊತ್ತಿನಲ್ಲಿ ಕೊಪ್ಪರಿಗೆ ಹತ್ತಿರ ಸೇರಿಸಲಿಲ್ಲ.

ಸುದ್ದಿ ಬೀದಿಗೆಲ್ಲ ಹರಡಿತು. ಟೀ ಅಂಗಡಿಯವರು ಅಪ್ಪನನ್ನು ಕಂಡಾಗಲೆಲ್ಲ, ಬುಧವಾರ ಕಳೀತಲ್ಲಪ್ಪ, ಇನ್ನೂ ಇದೀಯಲ್ಲ ಎನ್ನುತ್ತಿದ್ದರು. ಈ ಸಲ ಮೋಡ ಅಂತ ಹೇಳಿ ಅಪ್ಪ ಟೀ ಕುಡಿಯುತ್ತಿದ್ದರು.

ಮಿಸ್ ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದರು. ರಜಾ ಚೀಟಿಯ ಮಾದರಿ ಅಳಿಸಿಹಾಕಿ, ನಿಮ್ಮ ನಿಮ್ಮ ಮನೆಯ ಕಸುಬಿನಲ್ಲಿ ಹೀಗೆ ಕಾಲಿಗೆ ತೊಡರುವ ಇಂಗ್ಲಿಷ್ ಮಾತು ಯಾವುದಿದೆ, ಹುಡುಕಿ ತನ್ನಿ ಎಂದರು. ಹೂವು ಮಾರುವವರ ಮಗಳು ಹೂವನ್ನೂ ಹಿಟ್ಟನ್ನೂ ತಂದಳು, ಎರಡೂ ಕೇಳುವುದಕ್ಕೆ ಫ್ಲವರೇ. ಕ್ಷೌರದಂಗಡಿಯವರ ಮಗ ಕೂದಲನ್ನೂ ಮೊಲವನ್ನೂ ತಂದ, ಎರಡೂ ಹೇರ್. ಟೈಲರ್ ಮಗಳು ಶೋಭಾ, ಹೊಲಿಯುವುದೂ ಬಿತ್ತುವುದೂ ‘ಸೋ’ ಎಂಬ ಒಂದೇ ಸದ್ದು ಎಂದು ಕಂಡುಹಿಡಿದು, ತಾನು ರವಿಕೆ ಬಿತ್ತಿದ್ದೇನೆ ಎಂದು ಬರೆದಿದ್ದನ್ನು ತಾನೇ ಎದ್ದು ಓದಿದಳು. ಕೋಳಿ ಅಂಗಡಿಯ ಸಲೀಮ, ಅಮ್ಮ ಚಿಕನ್‌ನಲ್ಲಿ ಕಿಚನ್ ಮಾಡುತ್ತಿದ್ದಾರೆ ಎಂದ. ಅವತ್ತು ಪಕ್ಕದ ತರಗತಿಯ ಮೇಷ್ಟ್ರು ಎರಡು ಸಲ ಬಂದು ನಗು ಕಡಿಮೆ ಮಾಡಿ ಎಂದು ಹೇಳಿ ಹೋದರು. ಮೂರನೇ ಸಲ ಬಂದವರು ಹೋಗದೆ ಬಾಗಿಲಲ್ಲೇ ನಿಂತುಕೊಂಡರು. ಯಾರ ತಪ್ಪಿಗೂ ಯಾರೂ ನಾಚಿಕೆಪಡದ ಒಂದು ಗಂಟೆ ಅದು. ನನಗೆ ಇಂಗ್ಲಿಷಿನ ಭಯ ಹೋದದ್ದು ಆ ಗಂಟೆಯಲ್ಲಿ.

ಅಪ್ಪನಿಗೂ ಅಕ್ಷರದ ರುಚಿ ಹತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ದಿನಕ್ಕೊಂದು ಜೋಡಿ ಹೇಳಮ್ಮ ಎನ್ನುತ್ತಿದ್ದರು. ನಾನು ಸ್ಪೆಲಿಂಗ್ ಹೇಳಿದರೆ ಅವರು ಅದಕ್ಕೊಂದು ಚಿತ್ರ ಹೇಳುತ್ತಿದ್ದರು. ಪೂರ್ತಿ ವಾಕ್ಯ ಓದುವುದು ಅವರಿಗೆ ಕೊನೆಗೂ ಬರಲಿಲ್ಲ. ಬಿಡಿ ಬಿಡಿ ಮಾತುಗಳು ಮಾತ್ರ ಬಂದವು, ಅವೂ ಜೋಡಿಯಾಗಿ. ನಾನು ಪಿಯುಸಿ ಮುಗಿಸಿದೆ, ಡಿಗ್ರಿ ಮುಗಿಸಿದೆ, ಕೆಲಸಕ್ಕೆ ಸೇರಿದೆ, ಮದುವೆಯಾಗಿ ನೆಲಮಂಗಲಕ್ಕೆ ಬಂದೆ. ಅಪ್ಪ ಕೆಲಸ ಬಿಟ್ಟು ಈಗ ಏಳೆಂಟು ವರ್ಷವಾಯಿತು. ಗಟ್ಟಿಮುಟ್ಟಾಗಿದ್ದಾರೆ. ಎಲ್ಲಿ ಹೋದರೂ ಅಂಗಡಿಗಳ ಬೋರ್ಡು ಓದುವುದು ಅವರ ಕೆಲಸ.

ಈ ವರ್ಷ ಸಮೇತನಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಅಪ್ಪನೂ ನಾನೂ ಹೊರಟೆವು. ಹೊಸಕೋಟೆಯಲ್ಲಿ ಬಸ್ಸಿಳಿದು, ಉಡುಗೊರೆಗೆ ಪಾತ್ರೆ ತೆಗೆದುಕೊಳ್ಳೋಣವೆಂದು ಅಂಗಡಿ ಹುಡುಕಿಕೊಂಡು ನಡೆಯುತ್ತಿದ್ದೆವು. ಅಪ್ಪ ಒಂದು ಅಂಗಡಿಯ ಮುಂದೆ ನಿಂತುಬಿಟ್ಟರು. ಬೆಳ್ಳಗೆ ಹೊಳೆಯುವ ಹೊಸ ಬೋರ್ಡು, ಸ್ಟೀಲ್ ಪಾತ್ರೆಗಳು ಸಿಗುತ್ತವೆ ಎಂದು ಇಂಗ್ಲಿಷಿನಲ್ಲಿ. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಅಕ್ಷರಗಳನ್ನು ಒಂದೊಂದೇ ಎಣಿಸಿದರು. ನಾನು ಬೋರ್ಡು ಓದಿ ಆಗಲೇ ಮುಂದೆ ಹೋಗಿದ್ದೆ, ನನ್ನ ಕಣ್ಣಿಗೆ ಏನೂ ಬಿದ್ದಿರಲಿಲ್ಲ.

“ಇವ್ನು ಕದ್ದ ಮಾಲು ಮಾರ್ತಾವ್ನಲ್ಲಮ್ಮ,” ಎಂದರು ಅಪ್ಪ.

ತಿರುಗಿ ಬಂದು ನೋಡಿದೆ. ಎರಡನೇ ‘ಇ’ ಇರಬೇಕಾದ ಕಡೆ ‘ಎ’ ಇತ್ತು. ನಾನು ಬೇಡವೆಂದರೂ ಕೇಳದೆ ಅಪ್ಪ ಒಳಗೆ ಹೋದರು. ಅಂಗಡಿಯವರು ಮೂವತ್ತರ ಆಸುಪಾಸಿನ ಮನುಷ್ಯ. ಅಪ್ಪ ಅವರನ್ನು ಹೊರಗೆ ಕರೆದುಕೊಂಡು ಬಂದು, ಬೋರ್ಡಿನ ಕೆಳಗೆ ನಿಲ್ಲಿಸಿ, ಸಮಾಧಾನವಾಗಿ ವಿವರಿಸಿದರು. ಪಾತ್ರೆಯ ಸ್ಟೀಲಿಗೆ ಎರಡು ‘ಇ’, ಒಂದೇ ಅಚ್ಚಿನ ಜೋಡಿ ಲೋಟ ಅಕ್ಕಪಕ್ಕ ಇಟ್ಟ ಹಾಗೆ. ಒಂದು ಲೋಟವನ್ನು ಯಾರೋ ಎತ್ತಿಕೊಂಡು ಹೋಗಿ ಬೇರೆ ಏನೋ ಇಟ್ಟರೆ ಅದು ಕಳ್ಳತನ. ಅಂಗಡಿಯವರು ಬೋರ್ಡನ್ನೂ ಅಪ್ಪನನ್ನೂ ಮತ್ತೆ ಮತ್ತೆ ನೋಡಿ, ಆರು ತಿಂಗಳಾಯಿತು ಹಾಕಿಸಿ, ದಿನಾ ಸಾವಿರ ಜನ ಓಡಾಡುತ್ತಾರೆ, ಒಬ್ಬರೂ ಹೇಳಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು ನಕ್ಕರು. ಒಳಗೆ ಕರೆದು ಕುರ್ಚಿ ಹಾಕಿ ಕಾಫಿ ತರಿಸಿದರು.

“ಯಾವ ಸ್ಕೂಲಲ್ಲಿ ಮೇಷ್ಟ್ರಾಗಿದ್ರಿ ಸಾರ್?” ಎಂದು ಕೇಳಿದರು.

ಅಪ್ಪ ಕಾಫಿ ಲೋಟ ಕೆಳಗಿಟ್ಟು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ.

“ದೊಡ್ಡಬಳ್ಳಾಪುರದ ಕಡೆ,” ಎಂದರು. “ಈಗ ರಿಟೈರ್ಡು.”

ನಾನು ಒಂದು ಹಂಡೆಯೊಳಗೆ ತಲೆ ಬಗ್ಗಿಸಿ ಅದರ ತಳವನ್ನು ಪರೀಕ್ಷೆ ಮಾಡುತ್ತ ನಿಂತೆ. ಸಮೇತನಹಳ್ಳಿಯ ಬಸ್ಸು ಹತ್ತಿ ಕೂತ ಮೇಲೆ, ಬಹಳ ದೂರ ಹೋದ ಮೇಲೆ, ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಹಂಗಂದಿದ್ದು ತಪ್ಪಾಯ್ತೇನಮ್ಮ ಎಂದು ಕೇಳಿದರು. ಯಾವ ತಪ್ಪೂ ಕಾಣಲಿಲ್ಲಪ್ಪ ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ, ಓದಿ ನೋಡದೆ ಸರಿ ಎಂದು ಹೇಳಿದ್ದೆ.